ಹಾಲಿನಲ್ಲಿ ಕೊಬ್ಬು ಹೇಗೆ ನಿಲ್ಲುತ್ತದೆ?

ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣ ಸೀಮೆಯ ಹಳ್ಳಿಗಳಲ್ಲಿ ಬೆಳಗಾಗುತ್ತಲೇ ಹಾಲು ಉತ್ಪಾದಕರ ಸಹಕಾರ ಸಂಘದ ಮುಂದೆ ಜನ ಸೇರುತ್ತಾರೆ. ಹಾಲನ್ನು ಚೆನ್ನಾಗಿ ಕಲಕಿದ ಮೇಲೆಯೇ ಪರೀಕ್ಷೆಗೆ ಮಾದರಿ ತೆಗೆಯಬೇಕು. ಕೊಬ್ಬಿನ ಅಂಶವನ್ನೂ ನೋಡಿ ಬೆಲೆ ಕಟ್ಟುವುದರಿಂದ, ನಿಂತ ಹಾಲನ್ನು ಕಲಕದೆ ಮೇಲಿನಿಂದ ತೆಗೆದರೆ ಸಂಘಕ್ಕೆ ನಷ್ಟ. ತಳದಿಂದ ತೆಗೆದರೆ ತಂದವರಿಗೆ ನಷ್ಟ. ಇದರ ಕಾರಣವನ್ನು ವಿಚಾರಿಸೋಣ.

ನೀರಿಗೆ ಬಣ್ಣವಿಲ್ಲ, ಕರಗಿದ ತುಪ್ಪ ತಿಳಿಹಳದಿ. ಆದರೂ ಹಾಲು ಬಿಳುಪು. ನೀರಿನಲ್ಲಿ ಹರಡಿರುವ ಕೊಬ್ಬಿನ ಹನಿಗಳೂ ಕೇಸೀನ್ ಎಂಬ ಪ್ರೋಟೀನಿನ ಕಣಗಳೂ ಬೆಳಕನ್ನು ಎಲ್ಲ ದಿಕ್ಕಿಗೂ ಚೆದರಿಸುವುದೇ ಇದಕ್ಕೆ ಕಾರಣ. ಹೀಗೆ ಒಂದು ದ್ರವದಲ್ಲಿ ಬೆರೆಯದ ಇನ್ನೊಂದು ದ್ರವವು ಹನಿಹನಿಯಾಗಿ ಹರಡಿ ನಿಂತರೆ ಅದನ್ನು ಎಮಲ್ಷನ್ ಎನ್ನುವರು. ಹಾಸನದ ಆಲೂಗೆಡ್ಡೆ ಹೊಲಗಳಲ್ಲಿ ಕೆಲವು ಕೀಟನಾಶಕಗಳನ್ನು ನೀರಿಗೆ ಸುರಿದೊಡನೆ ನೀರು ಹಾಲಿನಂತಾಗುವುದೂ ಇದೇ ಬಗೆಯದು.

ಒಂದು ಲೆಕ್ಕ ಹಾಕೋಣ. ಲೀಟರಿಗೆ 35 ಗ್ರಾಂ ಕೊಬ್ಬಿರುವ ಹಾಲಿನಲ್ಲಿ ಹನಿಗಳ ವ್ಯಾಸ ಸರಾಸರಿ 4 ಮೈಕ್ರೋಮೀಟರ್, ಎಂದರೆ ಮಿಲಿಮೀಟರಿನ 250ರಲ್ಲಿ ಒಂದು ಪಾಲು, ಎಂದುಕೊಳ್ಳಿ. ಅವುಗಳ ಮೇಲ್ಮೈಯನ್ನೆಲ್ಲ ಕೂಡಿಸಿದರೆ 50 ಚದರ ಮೀಟರಿಗೂ ಮಿಗಿಲಾಗುತ್ತದೆ. ಎಣ್ಣೆ ನೀರುಗಳ ನಡುವೆ ಮೇಲ್ಮೈಯನ್ನು ಹೆಚ್ಚಿಸಲು ಶಕ್ತಿ ವ್ಯಯವಾಗಬೇಕು. ಆದುದರಿಂದ ಹನಿಗಳು ಒಂದಾಗಿ ಮೇಲ್ಮೈಯನ್ನು ಕುಗ್ಗಿಸಿಕೊಳ್ಳಲು ಹವಣಿಸುತ್ತವೆ. ಹಾಲಿನಲ್ಲಿ ಅದನ್ನು ತಡೆಯುವುದು ಪ್ರತಿ ಹನಿಯನ್ನೂ ಸುತ್ತಿದ ತೆಳುಪೊರೆ. ಅದರಲ್ಲಿ ಪ್ರೋಟೀನುಗಳೊಡನೆ ಫಾಸ್ಫೊಲಿಪಿಡ್ ಅಣುಗಳಿವೆ. ಇವುಗಳ ತಲೆ ನೀರನ್ನು ಬಯಸುತ್ತದೆ; ಬಾಲ ಕೊಬ್ಬನ್ನು ಬಯಸುತ್ತದೆ. ಎರಡರ ಗಡಿಯಲ್ಲಿ ನೆಲಸಿ ಮೇಲ್ಮೈ ಎಳೆತವನ್ನು ತಗ್ಗಿಸುವ ಇಂಥ ವಸ್ತುಗಳಿಗೆ ಸರ್ಫಾಕ್ಟೆಂಟ್ ಎಂದು ಹೆಸರು. ಸಾಬೂನೂ, ಸೀಗೆಕಾಯಿ ಅಂಟುವಾಳಗಳಲ್ಲಿರುವ ಸಪೋನಿನ್ನೂ ಇದೇ ಗುಂಪಿಗೆ ಸೇರಿದವು.

ಪೊರೆಯಿದ್ದರೂ ಕೊಬ್ಬು ನೀರಿಗಿಂತ ಹಗುರ. ಹೊತ್ತು ಕಳೆದಂತೆ ಹನಿಗಳು ಮೇಲೇರಿ ಕೆನೆಗಟ್ಟುತ್ತವೆ. ಮಾದರಿಗೆ ಮೊದಲು ಕಲಕಬೇಕಾದುದು ಇದಕ್ಕಾಗಿಯೇ.

ಮೊಸರು ಕಡೆಯುವಾಗ ಕಡಗೋಲಿನ ಬಡಿತಕ್ಕೆ ಪೊರೆ ಹರಿಯುತ್ತದೆ. ಹನಿಗಳು ಅಂಟಿಕೊಂಡು ಬೆಣ್ಣೆಯಾಗುತ್ತವೆ. ಆಗ ಕೊಬ್ಬು ಅರೆಗಟ್ಟಿಯಾಗಿರಬೇಕು. ಆದುದರಿಂದಲೇ ಮೊಸರು ಬಹಳ ಬಿಸಿಯಾದರೂ ಬಹಳ ತಣ್ಣಗಾದರೂ ಬೆಣ್ಣೆ ಸರಿಯಾಗಿ ಏಳದು. ಈಗ ಪಾತ್ರಗಳು ಅದಲುಬದಲಾದವು: ಕೊಬ್ಬಿನೊಳಗೆ ನೀರು ಹನಿಯಾಗಿದೆ. ಬೆಣ್ಣೆ ಕಾಯಿಸುವಾಗ ಕೇಳುವ ಚಟಪಟ ಸದ್ದು ಆ ನೀರು ಆವಿಯಾಗಿ ಹೊರಡುವ ಸದ್ದು.

ತಕ್ಕ ಸರ್ಫಾಕ್ಟೆಂಟುಗಳಿಂದ ಮೇಲ್ಮೈ ಎಳೆತವನ್ನು ಬಹುಮಟ್ಟಿಗೆ ಇಲ್ಲವಾಗಿಸಿದರೆ ಹನಿಗಳು ಇನ್ನೂ ನೂರಾರು ಪಟ್ಟು ಕಿರಿದಾಗಬಲ್ಲವು. 1943ರಲ್ಲಿ ಹೋರ್ ಮತ್ತು ಷುಲ್ಮನ್ ಇಂಥ ಮಿಶ್ರಣಗಳನ್ನು ವರ್ಣಿಸಿದರು. 1959ರಲ್ಲಿ ಇವಕ್ಕೆ ಮೈಕ್ರೋಎಮಲ್ಷನ್ ಎಂಬ ಹೆಸರು ಬಂತು. ಬೆಳಕಿನ ಅಲೆಯುದ್ದಕ್ಕಿಂತ ಹನಿಗಳು ಬಹಳ ಚಿಕ್ಕವಾದುದರಿಂದ ಇವು ತಿಳಿಯಾಗಿ ಕಾಣುತ್ತವೆ, ತಾವಾಗಿ ಬೇರ್ಪಡುವುದಿಲ್ಲ.

ಈ ವಿದ್ಯೆಯ ದುರುಪಯೋಗವೂ ಉಂಟು. ಅಗ್ಗದ ಎಣ್ಣೆಯನ್ನು ಡಿಟರ್ಜೆಂಟಿನಿಂದ ನೀರಿನಲ್ಲಿ ನಿಲ್ಲಿಸಿ ಹಾಲಿಗೆ ಬೆರೆಸುವವರಿದ್ದಾರೆ. ಸಂಶಯ ಬಂದರೆ ಹಾಲಿಗೆ ಅಷ್ಟೇ ನೀರು ಬೆರೆಸಿ ಬಲವಾಗಿ ಕುಲುಕಿ ನೋಡಿ. ಶುದ್ಧ ಹಾಲಿನ ನೊರೆ ತೆಳು. ದಟ್ಟವಾದ ನೊರೆ ಎದ್ದರೆ ಆ ಹಾಲನ್ನು ಮಕ್ಕಳಿಗೆ ಕೊಡದೆ ಪ್ರಯೋಗಶಾಲೆಯಲ್ಲಿ ಪರೀಕ್ಷಿಸಬೇಕು.