ಮಳೆ, ಉಪವಾಸ ಮತ್ತು ಉತ್ತಮ ಕ್ಷಮೆ

ಚಿಕ್ಕಮಗಳೂರು, ಮೂಡಿಗೆರೆ, ಕಳಸ ಸೀಮೆಯ ಕಾಫಿ ತೋಟಗಳಲ್ಲಿ ವರ್ಷದ ಲೆಕ್ಕವು ಮಳೆಯಿಂದಲೇ ಆರಂಭವಾಗುತ್ತದೆ. ಮಾರ್ಚ್, ಏಪ್ರಿಲ್ ತಿಂಗಳುಗಳಲ್ಲಿ ಒಂದು ಇಂಚಿನಷ್ಟಾದರೂ ಹೂಮಳೆ ಬಿದ್ದರೆ ಎಂಟು ಹತ್ತು ದಿನಗಳಲ್ಲಿ ಗಿಡಗಳು ಬೆಳ್ಳಗೆ ಅರಳುತ್ತವೆ. ಅನಂತರ ಕೆಲವು ವಾರಗಳೊಳಗೆ ಇನ್ನೊಂದು ಮಳೆ ಬಂದರೆ ಕಾಯಿ ನಿಲ್ಲುತ್ತದೆ. ಹನಿ ಬಿದ್ದೂ ಹದಕ್ಕೆ ಸಾಲದೆ ಹೋದರೆ ಮೊಗ್ಗು ಅರೆಬರೆಯಾಗಿ ಕೆಡುತ್ತದೆ. ಇಂದು ಅನುಕೂಲವುಳ್ಳವರು ಸ್ಪ್ರಿಂಕ್ಲರ್ ನೀರಿನಿಂದ ಹೂ ಅರಳಿಸುವುದುಂಟು. ಆದರೆ ಕೆರೆಯೂ ಹಳ್ಳವೂ ಇಲ್ಲದ ಸಣ್ಣ ಹಿಡುವಳಿದಾರನಿಗೆ ಆಕಾಶವೊಂದೇ ಗತಿ. ತೋಟದ ಮನೆಗಳಲ್ಲಿ ಬಿದ್ದ ಮಳೆಯನ್ನು ಇಂಚು, ಸೆಂಟುಗಳಲ್ಲಿ ಅಳೆದು ಪುಸ್ತಕದಲ್ಲಿ ಬರೆದಿಡುವ ಪದ್ಧತಿಯು ಈ ಕಾತರದಿಂದಲೇ ಹುಟ್ಟಿದುದು.

ಇಂತಹ ಕಾತರದ ದಿನಗಳಲ್ಲಿ ಶ್ರಾವಕರ ಮನೆಯಲ್ಲಿಯೂ ಒಂದು ಮಾತು ಕೇಳಿಬರಬಹುದು: ಅಶ್ವಿನಿ ಮಳೆಯಾದರೂ ಬರಲಿ, ಮೂರು ದಿನ ಉಪವಾಸ ಮಾಡಿಬಿಡೋಣ ಎಂದು. ಹೇಳುವವರ ಮನಸ್ಸು ಒಳ್ಳೆಯದೇ. ಆದರೆ ಮಳೆಗಾಗಿ ಹಿಡಿದ ಉಪವಾಸವು ವ್ರತವಾಗುವುದೇ, ಇಲ್ಲವೇ ಹರಕೆ ಮಾತ್ರವಾಗುವುದೇ ಎಂಬುದು ಇಲ್ಲಿ ವಿಚಾರಣೀಯವಾದ ವಿಷಯ. ಮಳೆಗೂ ಉಪವಾಸಕ್ಕೂ ಇರುವ ಸಂಬಂಧವನ್ನು ಶತಮಾನಗಳ ಕಾಲ ಸೂಕ್ಷ್ಮವಾಗಿ ಚಿಂತಿಸಿದ ಜನಾಂಗವೊಂದಿದೆ, ಅವರು ಯಹೂದ್ಯರು. ಅವರ ಐತಿಹ್ಯಗಳನ್ನು ನಮ್ಮ ಆಗಮದ ಬೆಳಕಿನಲ್ಲಿ ಪರಿಶೀಲಿಸಿದರೆ ಈ ಪ್ರಶ್ನೆ ಬಹುಮಟ್ಟಿಗೆ ತಿಳಿಯಾಗುತ್ತದೆ.

ಈ ಬೆಟ್ಟಗಳ ಐತಿಹ್ಯ

ತಪಸ್ಸಿನಿಂದ ಮಳೆ ಎಂಬ ನಂಬಿಕೆ ಈ ನಾಡಿಗೆ ಹೊಸದಲ್ಲ. ಶೃಂಗೇರಿಯ ಸಮೀಪದ ಕಿಗ್ಗದಲ್ಲಿ ಋಷ್ಯಶೃಂಗೇಶ್ವರ ದೇವಾಲಯವಿದೆ. ಬರದಿಂದ ಬೆಂದ ಅಂಗದೇಶಕ್ಕೆ ರೋಮಪಾದನೆಂಬ ಅರಸನು ಋಷ್ಯಶೃಂಗ ಮುನಿಯನ್ನು ಕರೆಸಿಕೊಂಡಾಗ, ಆ ಬ್ರಹ್ಮಚಾರಿಯು ಅಲ್ಲಿ ಕಾಲಿಟ್ಟೊಡನೆ ಮಳೆ ಸುರಿಯಿತೆಂಬುದು ಪುರಾಣದ ಕಥೆ. ಮಳೆ ಬಾರದಿದ್ದಾಗ ಬರಲೆಂದೂ, ಅತಿಯಾದಾಗ ನಿಲ್ಲಲೆಂದೂ ಜನರು ಇಂದಿಗೂ ಕಿಗ್ಗಕ್ಕೆ ಹೋಗಿ ಪೂಜೆ ಸಲ್ಲಿಸುತ್ತಾರೆ. ಇದು ವೈದಿಕ ಪರಂಪರೆಯ ಶ್ರದ್ಧೆ. ಕಥೆಯಲ್ಲಿ ಮಳೆಯು ಒಬ್ಬ ತಪಸ್ವಿಯ ಮಹಿಮೆಯಾಗಿ ಬರುತ್ತದೆ. ಯಹೂದ್ಯರ ಪರಂಪರೆಯಲ್ಲಾದರೋ ಇಡೀ ಊರೇ ಉಪವಾಸಕ್ಕೆ ಕುಳಿತು, ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುತ್ತದೆ.

ಮಳೆಗಾಗಿ ಹದಿಮೂರು ಉಪವಾಸಗಳು

ಯಹೂದ್ಯರ ಪ್ರಾಚೀನ ದೇಶವು ಗುಡ್ಡ ಕಣಿವೆಗಳ ನಾಡು. ಈಜಿಪ್ಟಿನಂತೆ ಮಹಾನದಿಯ ನೀರಾವರಿ ಅಲ್ಲಿಲ್ಲ. ಆಕಾಶದ ಮಳೆಯನ್ನು ಕುಡಿಯುವ ಭೂಮಿಯೆಂದು ಅವರ ಧರ್ಮಗ್ರಂಥವೇ ಅದನ್ನು ವರ್ಣಿಸುತ್ತದೆ. ಅಲ್ಲಿ ಮಳೆಗಾಲವೆಂದರೆ ನಮ್ಮ ಚಳಿಗಾಲ. ಸುಕ್ಕೋತ್ ಎಂಬ ಪರ್ಣಕುಟೀರಗಳ ಹಬ್ಬ ಮುಗಿದೊಡನೆ ಬರುವ ಎಂಟನೆಯ ದಿನದಂದು ಮಳೆಗಾಗಿ ವಿಶೇಷ ಪ್ರಾರ್ಥನೆ ಸಲ್ಲುತ್ತದೆ. ಅಂದಿನಿಂದ ವಸಂತದ ಪಾಸ್ಕ ಹಬ್ಬದವರೆಗೆ, ದೇವರು ಗಾಳಿ ಬೀಸಿಸಿ ಮಳೆ ಸುರಿಸುವವನೆಂಬ ಸ್ಮರಣೆ ನಿತ್ಯ ಪ್ರಾರ್ಥನೆಯಲ್ಲಿ ಸೇರುತ್ತದೆ.

ಸುಮಾರು ಕ್ರಿ.ಶ. 200ರ ಹೊತ್ತಿಗೆ ಸಂಕಲಿತವಾದ ಮಿಶ್ನಾ ಎಂಬ ಅವರ ಧರ್ಮಸಂಹಿತೆಯಲ್ಲಿ ‘ತಾನೀತ್’ ಎಂಬ ಒಂದು ಭಾಗವಿದೆ. ಆ ಹೆಸರಿಗೆ ಉಪವಾಸವೆಂದೇ ಅರ್ಥ. ಅದರ ಬಹುಭಾಗವು ಮಳೆ ಬಾರದಿದ್ದಾಗ ಅನುಸರಿಸಬೇಕಾದ ನಿಯಮಗಳಿಗೆ ಮೀಸಲು. ಮಾರ್ಹೆಷ್ವಾನ್ ತಿಂಗಳ 17ನೆಯ ದಿನ ಕಳೆದರೂ ಮಳೆ ಬಾರದಿದ್ದರೆ ಮೊದಲು ಕೆಲವು ವ್ಯಕ್ತಿಗಳು ಮಾತ್ರ ಮೂರು ಉಪವಾಸ ಮಾಡಬೇಕು. ಕಿಸ್ಲೇವ್ ತಿಂಗಳು ಹುಟ್ಟಿದರೂ ಬಾರದಿದ್ದರೆ ಇಡೀ ಸಮುದಾಯಕ್ಕೆ ಮೂರು ಉಪವಾಸಗಳು. ಅವುಗಳಲ್ಲಿ ರಾತ್ರಿ ಆಹಾರ ಸ್ವೀಕರಿಸಬಹುದು. ಆಗಲೂ ಫಲವಿಲ್ಲದಿದ್ದರೆ ಮತ್ತೆ ಮೂರು. ಅವುಗಳಲ್ಲಿ ಹಿಂದಿನ ದಿನ ಬೆಳಕಿರುವಾಗಲೇ ಉಂಡು ಮುಗಿಸಬೇಕು. ಕೆಲಸ, ಸ್ನಾನ, ಅಭ್ಯಂಜನ, ಪಾದರಕ್ಷೆಗಳೂ ವರ್ಜ್ಯ. ಕೊನೆಗೆ ಏಳು ಉಪವಾಸಗಳು. ಅಂದು ಎಚ್ಚರಿಕೆಯ ತುತ್ತೂರಿ ಊದುತ್ತಾರೆ, ಅಂಗಡಿಗಳನ್ನೂ ಮುಚ್ಚುತ್ತಾರೆ. ಹೀಗೆ ಸಮುದಾಯಕ್ಕೆ ಒಟ್ಟು ಹದಿಮೂರು. ಧರ್ಮಗ್ರಂಥದ ಪೆಟ್ಟಿಗೆಯನ್ನು ಊರ ಚೌಕಕ್ಕೆ ತಂದು ಅದರ ಮೇಲೆ ಬೂದಿ ಹಾಕುತ್ತಾರೆ. ಜನರೆಲ್ಲ ತಮ್ಮ ತಲೆಗೂ ಬೂದಿ ಹಾಕಿಕೊಳ್ಳುತ್ತಾರೆ.

ಆಗ ವೃದ್ಧನೊಬ್ಬನು ಎದ್ದು ಜನರಿಗೆ ಬುದ್ಧಿ ಹೇಳಬೇಕೆಂದು ನಿಯಮವಿದೆ. ಹಿಂದೆ ನಿನೆವೆ ನಗರದವರು ಗೋಣಿ ಉಟ್ಟು ಉಪವಾಸ ಮಾಡಿದಾಗ ದೇವರು ನೋಡಿದ್ದು ಆ ಗೋಣಿಯನ್ನಲ್ಲ, ಉಪವಾಸವನ್ನೂ ಅಲ್ಲ; ಅವರು ಕೆಟ್ಟ ನಡತೆಯಿಂದ ಹಿಂದಿರುಗಿದುದನ್ನು ಮಾತ್ರ ಎಂಬುದೇ ಆ ಬೋಧೆಯ ಸಾರ. ಉಪವಾಸಕ್ಕೇ ಮೀಸಲಾದ ಗ್ರಂಥವೇ ಉಪವಾಸದ ಮಿತಿಯನ್ನು ಇಷ್ಟು ಸ್ಪಷ್ಟವಾಗಿ ಸಾರಿರುವುದು ಗಮನಾರ್ಹ.

ಮೂವರ ಕಥೆ

ಈ ಪರಂಪರೆಯಲ್ಲಿ ಮಳೆಗೆ ಸಂಬಂಧಿಸಿದ ಐತಿಹ್ಯಗಳು ಅನೇಕ. ಅವುಗಳಲ್ಲಿ ಮೂರು ಇಲ್ಲಿ ಸಾಕು.

ಮೊದಲನೆಯದು ಕ್ರಿಸ್ತಪೂರ್ವ ಮೊದಲನೆಯ ಶತಮಾನದ ಹೋನಿ ಎಂಬಾತನದು. ಅವನು ನೆಲದ ಮೇಲೆ ಒಂದು ವೃತ್ತವನ್ನು ಬರೆದು, ಮಳೆ ಬರುವವರೆಗೆ ಅದರಿಂದ ಹೊರಗೆ ಅಡಿಯಿಡುವುದಿಲ್ಲವೆಂದು ಶಪಥ ಮಾಡಿದನು. ಮೊದಲು ತುಂತುರು ಬಿತ್ತು, ಇದು ಸಾಲದೆಂದನು. ಬಳಿಕ ಜಡಿಮಳೆ ಅಪ್ಪಳಿಸಿತು, ಇದು ಬೇಡವೆಂದನು. ಕೊನೆಗೆ ಹಿತವಾದ ಮಳೆ ಸುರಿದು ನಿಲ್ಲದೆ ಹೋದಾಗ, ನಿಲ್ಲಿಸೆಂದು ಜನರು ಅವನ ಬಳಿಗೇ ಬಂದರು. ಅಂದಿನ ಧರ್ಮಾಧಿಕಾರಿಯು ಹೋನಿಯನ್ನು ಹೊಗಳಲಿಲ್ಲ. ತಂದೆಯನ್ನು ಹಟದಿಂದ ಕಾಡುವ ಮಗುವಿಗೆ ಅವನನ್ನು ಹೋಲಿಸಿ, ಬೇರೆ ಯಾರಾದರೂ ಆಗಿದ್ದರೆ ಬಹಿಷ್ಕರಿಸುತ್ತಿದ್ದೆನೆಂದು ಎಚ್ಚರಿಸಿದನು.

ಎರಡನೆಯದು ಹೋನಿಯ ಮೊಮ್ಮಗ ಅಬ್ಬಾ ಹಿಲ್ಕಿಯಾ ಎಂಬ ಕೂಲಿಯಾಳಿನ ಕಥೆ. ಮಳೆಗಾಗಿ ಪ್ರಾರ್ಥಿಸೆಂದು ಕೇಳಲು ಇಬ್ಬರು ವಿದ್ವಾಂಸರು ಬಂದಾಗ ಅವನು ಹೊಲದಲ್ಲಿ ಅಗೆಯುತ್ತಿದ್ದನು. ಕೂಲಿಯ ಹೊತ್ತು ಧಣಿಗೆ ಸೇರಿದ್ದೆಂದು ಅವರ ವಂದನೆಗೂ ಅವನು ಮರುನುಡಿಯಲಿಲ್ಲ. ಮನೆಗೆ ಬಂದು, ಕೀರ್ತಿ ತನಗೆ ಬರಬಾರದೆಂದು ಹೆಂಡತಿಯೊಡನೆ ಗುಟ್ಟಾಗಿ ಮಾಳಿಗೆಯೇರಿ, ಒಂದು ಮೂಲೆಯಲ್ಲಿ ತಾನೂ ಇನ್ನೊಂದರಲ್ಲಿ ಅವಳೂ ನಿಂತು ಪ್ರಾರ್ಥಿಸಿದರು. ಮೋಡವು ಮೊದಲು ಎದ್ದುದು ಹೆಂಡತಿ ನಿಂತ ಕಡೆಯಿಂದ. ಕಾರಣ ಕೇಳಿದಾಗ ಅವನು ಹೇಳಿದುದಿಷ್ಟು: ಅವಳು ಮನೆಯಲ್ಲಿದ್ದು ಹಸಿದವನ ಕೈಗೆ ರೊಟ್ಟಿಯನ್ನೇ ಕೊಡುತ್ತಾಳೆ, ತಾನು ಕಾಸು ಕೊಡುತ್ತೇನೆ, ಅದು ಹೊಟ್ಟೆಗೆ ತಲಪಲು ತಡವಾಗುತ್ತದೆ. ಅಲ್ಲದೆ ನೆರೆಯ ಪುಂಡರು ಸಾಯಲೆಂದು ತಾನು ಬೇಡಿದ್ದೆ, ಅವರು ತಿದ್ದಿಕೊಳ್ಳಲೆಂದು ಅವಳು ಬೇಡಿದ್ದಳು.

ಮೂರನೆಯದು ಎಲಿಯೇಜರ್ ಮತ್ತು ಅಕೀವಾ ಎಂಬ ಇಬ್ಬರು ಗುರುಗಳದು. ಬರಗಾಲದಲ್ಲಿ ಎಲಿಯೇಜರನು ಮುಂದೆ ನಿಂತು ಇಪ್ಪತ್ತನಾಲ್ಕು ಆಶೀರ್ವಚನಗಳ ದೀರ್ಘ ಪ್ರಾರ್ಥನೆ ಸಲ್ಲಿಸಿದನು, ಮಳೆ ಬರಲಿಲ್ಲ. ಅನಂತರ ಅಕೀವಾನು ಚಿಕ್ಕದೊಂದು ಮೊರೆಯಿಟ್ಟನು, ಮಳೆ ಬಂದಿತು. ಜನರು ಗುಸುಗುಸು ಮಾತನಾಡತೊಡಗಿದಾಗ ಅಶರೀರವಾಣಿಯಾಯಿತಂತೆ: ಒಬ್ಬನು ದೊಡ್ಡವನು, ಇನ್ನೊಬ್ಬನು ಚಿಕ್ಕವನು ಎಂದಲ್ಲ, ಅಕೀವಾನು ತನಗಾದ ನೋವನ್ನು ಬಿಟ್ಟುಕೊಡುವವನು, ಇನ್ನೊಬ್ಬನು ಬಿಟ್ಟುಕೊಡುವವನಲ್ಲ ಎಂದು. ವಿದ್ಯೆಯಲ್ಲಿ ಇಬ್ಬರೂ ಹಿರಿಯರೇ, ಕ್ಷಮೆಯೊಂದರಲ್ಲಿ ಅಂತರ.

ಅನುಭಾವಿಗಳ ಅರ್ಥ

ಮೇಲಿನಿಂದ ಅಂಗೈಯಗಲ ನೀರು ಇಳಿಯಬೇಕಾದರೆ ಕೆಳಗಿನಿಂದ ಅದರ ಎರಡರಷ್ಟು ನೀರು ಎದುರ್ಗೊಳ್ಳಲು ಏಳುತ್ತದೆಂಬ ಭಾವನೆ ತಾಲ್ಮುದ್ ಎಂಬ ಅವರ ಮಹಾಗ್ರಂಥದಲ್ಲಿದೆ. ಮಳೆಯ ದಿನವು ಸತ್ತವರು ಎದ್ದುಬರುವ ದಿನಕ್ಕಿಂತಲೂ ದೊಡ್ಡದು, ಏಕೆಂದರೆ ಪುನರುತ್ಥಾನವು ಸಜ್ಜನರಿಗೆ ಮಾತ್ರ, ಮಳೆಯಾದರೋ ಸಜ್ಜನ ದುರ್ಜನರಿಬ್ಬರಿಗೂ ಎಂಬ ವಿಚಾರವೂ ಅಲ್ಲಿದೆ. 13ನೆಯ ಶತಮಾನದ ಕೊನೆಯಲ್ಲಿ ಸ್ಪೇನ್ ದೇಶದಲ್ಲಿ ಪ್ರಕಟಗೊಂಡ ಜೋಹರ್ ಎಂಬ ಗ್ರಂಥವು ಕಬ್ಬಾಲಾ ಎಂಬ ಅನುಭಾವ ಮಾರ್ಗಕ್ಕೆ ಆಧಾರ. ನೆಲದಿಂದ ಮಂಜು ಮೇಲೆದ್ದ ಬಳಿಕವೇ ಭೂಮಿ ತೊಯ್ದಿತೆಂಬ ಸೃಷ್ಟಿಕಥೆಯ ಮಾತನ್ನು ಹಿಡಿದು ಅದು ಒಂದು ತತ್ತ್ವವನ್ನು ಹೇಳುತ್ತದೆ: ಕೆಳಗೆ ಎಚ್ಚರವಾಗದೆ ಮೇಲೆ ಎಚ್ಚರವಾಗುವುದಿಲ್ಲ. ಈ ಅನುಭಾವಿಗಳಿಗೆ ಮಳೆಯೆಂದರೆ ನೀರು ಮಾತ್ರವಲ್ಲ. ಮನುಷ್ಯನ ಸತ್ಕರ್ಮಕ್ಕೆ ಓಗೊಟ್ಟು ಇಳಿದುಬರುವ ದೈವೀ ಪ್ರವಾಹವೂ ಹೌದು.

ಜೈನದೃಷ್ಟಿ

ಇಲ್ಲಿಗೆ ಬಂದಾಗ ನಮ್ಮ ದರ್ಶನವು ಬೇರೆಯಾಗುತ್ತದೆ. ಆ ಭೇದವನ್ನು ಮರೆಮಾಚಬೇಕಾಗಿಲ್ಲ. ಜಿನಮತದಲ್ಲಿ ಮಳೆಯನ್ನು ಕೊಡುವ ಅಥವಾ ತಡೆಯುವ ಸೃಷ್ಟಿಕರ್ತನಿಲ್ಲ. ಮಳೆಯು ಪುದ್ಗಲಗಳ ಪರಿಣಮನ. ವೀತರಾಗನು ಉಪವಾಸಕ್ಕೆ ಮೆಚ್ಚಿ ಮೋಡವನ್ನು ಕಳುಹಿಸುವುದಿಲ್ಲ, ವ್ರತಭಂಗಕ್ಕೆ ಮುನಿದು ಹೂಮಳೆಯನ್ನು ಹಿಡಿದಿಡುವುದೂ ಇಲ್ಲ. ಪ್ರತಿಫಲವನ್ನು ಬಯಸಿ ಮಾಡುವ ವ್ರತಕ್ಕೆ ನಿದಾನವೆಂದು ಹೆಸರು. ಮಾಯೆ, ಮಿಥ್ಯಾತ್ವ, ನಿದಾನ ಎಂಬ ಮೂರು ಶಲ್ಯಗಳನ್ನು ಕಿತ್ತುಹಾಕಿದವನೇ ವ್ರತಿ ಎಂದು ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ನಿರೂಪಿಸಿದ್ದಾರೆ. ಶಲ್ಯವೆಂದರೆ ಮುಳ್ಳು. ಮಳೆ ಬಂದರೆ ಉಪವಾಸ ಎಂಬ ಸಂಕಲ್ಪದಲ್ಲಿ ಈ ಮುಳ್ಳು ಉಳಿದೇ ಇರುತ್ತದೆ. ಮಳೆ ಬಾರದಿದ್ದರೆ ಶ್ರದ್ಧೆ ಒಣಗುತ್ತದೆ. ಬಂದರೆ ಅಹಂಕಾರ ಚಿಗುರುತ್ತದೆ.

ಮಳೆಯ ನಡುವೆ ನಿಂತ ತಪಸ್ವಿಗೆ ಪಾರ್ಶ್ವನಾಥ ಸ್ವಾಮಿಯೇ ಆದರ್ಶ. ಕಮಠನ ಜೀವವು ಪೂರ್ವವೈರದಿಂದ ಘೋರವಾದ ಮಳೆ ಗಾಳಿಗಳ ಉಪಸರ್ಗವನ್ನು ಮಾಡಿದಾಗ ಧರಣೇಂದ್ರ ಪದ್ಮಾವತಿಯರು ಬಂದು ಹೆಡೆಯೆತ್ತಿ ಕಾಪಾಡಿದರು. ಸ್ವಾಮಿಯು ಮಳೆ ನಿಲ್ಲಲೆಂದು ಬೇಡಲಿಲ್ಲ. ಉಪಸರ್ಗ ಮಾಡಿದವನಲ್ಲಿಯೂ ಅದನ್ನು ನಿವಾರಿಸಿದವನಲ್ಲಿಯೂ ಸಮಭಾವವನ್ನೇ ತಳೆದು ಕೇವಲಜ್ಞಾನವನ್ನು ಪಡೆದನು. ಹೋನಿಯು ವೃತ್ತದೊಳಗೆ ಹಟದಿಂದ ನಿಂತನು, ಪಾರ್ಶ್ವನಾಥನು ಕಾಯೋತ್ಸರ್ಗದಲ್ಲಿ ಕ್ಷಮೆಯಿಂದ ನಿಂತನು. ಈ ಅಂತರವನ್ನು ಮಕ್ಕಳಿಗೆ ತಿಳಿಹೇಳಬೇಕು.

ವರ್ಷಾಯೋಗ ಮತ್ತು ದಶಲಕ್ಷಣ

ಹಾಗಾದರೆ ನಮ್ಮಲ್ಲಿ ಮಳೆಗೂ ವ್ರತಕ್ಕೂ ಸಂಬಂಧವಿಲ್ಲವೇ? ಬಹಳವಾಗಿ ಇದೆ. ನಾವು ಮಳೆಗಾಗಿ ವ್ರತ ಹಿಡಿಯುವುದಿಲ್ಲ, ಮಳೆ ಬಂದುದಕ್ಕಾಗಿ ಹಿಡಿಯುತ್ತೇವೆ. ಮಳೆ ಬಿದ್ದೊಡನೆ ನೆಲವೆಲ್ಲ ಚಿಗುರು, ಪಾಚಿ, ಕಣ್ಣಿಗೆ ಕಾಣದ ಜೀವರಾಶಿ. ಅವುಗಳಿಗೆ ಬಾಧೆಯಾಗಬಾರದೆಂದು ಮುನಿಗಳು ಆಷಾಢ ಶುಕ್ಲ ಚತುರ್ದಶಿಯಂದು ವರ್ಷಾಯೋಗವನ್ನು ಸ್ಥಾಪಿಸಿ ಒಂದೆಡೆ ನೆಲಸುತ್ತಾರೆ.

ದಶಲಕ್ಷಣ ಪರ್ವವು ಭಾದ್ರಪದ ಶುಕ್ಲ ಪಂಚಮಿಯಂದೇ ಆರಂಭವಾಗುವುದಕ್ಕೂ ಪರಂಪರೆಯು ಮಳೆಯನ್ನೇ ಕಾರಣವಾಗಿ ಹೇಳುತ್ತದೆ. ಅವಸರ್ಪಿಣಿಯ ಕೊನೆಯ ಪ್ರಳಯದ ಬಳಿಕ ಉತ್ಸರ್ಪಿಣಿಯು ತೊಡಗುವಾಗ ನೀರು, ಕ್ಷೀರ, ಅಮೃತ, ರಸ ಮೊದಲಾದ ಶುಭವೃಷ್ಟಿಗಳು ಏಳೇಳು ದಿನಗಳಂತೆ 49 ದಿನ ಸುರಿದು ಬೆಂದ ಭೂಮಿಯನ್ನು ತಣಿಸುತ್ತವೆ. ಉತ್ತರದೇಶದ ಗಣನೆಯ ಶ್ರಾವಣ ಕೃಷ್ಣ ಪ್ರತಿಪದೆ, ಅಂದರೆ ನಮ್ಮ ಪಂಚಾಂಗದ ಆಷಾಢ ಬಹುಳ ಪಾಡ್ಯದಿಂದ ಎಣಿಸಿದರೆ ಭಾದ್ರಪದ ಶುಕ್ಲ ಚೌತಿಗೆ 49 ದಿನಗಳು ತುಂಬುತ್ತವೆ. ಮರುದಿನ ಗುಹೆಗಳಲ್ಲಿ ಅಡಗಿ ಉಳಿದಿದ್ದ ಜೀವಗಳು ಹೊರಬಂದು ಹೊಸ ಬಾಳನ್ನು ತೊಡಗುತ್ತವೆ. ಆ ದಿನದ ಧರ್ಮವೇ ಉತ್ತಮ ಕ್ಷಮೆ.

ದಶಧರ್ಮಗಳ ಕ್ರಮವನ್ನು ಗಮನಿಸಬೇಕು. ಕ್ಷಮೆ ಮೊದಲನೆಯದು, ತಪಸ್ಸು ಏಳನೆಯದು, ತ್ಯಾಗ ಎಂಟನೆಯದು. ಕ್ಷಮೆಯಿಲ್ಲದೆ ಉಪವಾಸಕ್ಕೆ ಕುಳಿತವನು ಮೆಟ್ಟಿಲುಗಳನ್ನು ಬಿಟ್ಟು ಮಾಳಿಗೆಗೆ ಹಾರಲೆತ್ನಿಸಿದಂತೆ. ಅಕೀವಾನ ಕಥೆಯೂ ಅಬ್ಬಾ ಹಿಲ್ಕಿಯಾನ ಹೆಂಡತಿಯ ಕಥೆಯೂ ಬೇರೊಂದು ನಂಬಿಕೆಯ ದಾರಿಯಿಂದ ಬಂದು ಈ ಕ್ರಮವನ್ನೇ ಮುಟ್ಟಿವೆ. ಮಳೆಯನ್ನು ಯಾರು ಕೊಡುವರೆಂಬಲ್ಲಿ ಅವರಿಗೂ ನಮಗೂ ಭೇದ. ಹಗೆಯನ್ನು ಇಟ್ಟುಕೊಂಡು ಮಾಡಿದ ಉಪವಾಸವು ನಿಷ್ಫಲವೆಂಬಲ್ಲಿ ಭೇದವಿಲ್ಲ.

ಮಲೆನಾಡಿನ ಗೃಹಸ್ಥರಿಗೆ

ಈ ಬೆಟ್ಟಗಳು ಜಿನಧರ್ಮಕ್ಕೆ ಹೊಸವಲ್ಲ. ಹೊಯ್ಸಳರ ಮೂಲಸ್ಥಾನವೆನಿಸಿದ ಮೂಡಿಗೆರೆ ತಾಲ್ಲೂಕಿನ ಅಂಗಡಿಯಲ್ಲಿ ಪ್ರಾಚೀನ ಬಸದಿಗಳಿವೆ. ಕಳಸವನ್ನು ಆಳಿದ ಭೈರರಸರ ವಂಶದವರೇ 1432ರಲ್ಲಿ ಕಾರ್ಕಳದ ಗೊಮ್ಮಟನನ್ನು ನಿಲ್ಲಿಸಿದರು. ಇಂತಹ ನೆಲದಲ್ಲಿ ಬಾಳುವವರಿಗೆ ಮಳೆಗಾಲವೇ ವ್ರತದ ಪಾಠಶಾಲೆ. ನೀರನ್ನು ಸೋಸಿ ಬಳಸುವುದು, ಸೊಪ್ಪುಗಳನ್ನು ತ್ಯಜಿಸುವುದು, ಸೂರ್ಯಾಸ್ತದೊಳಗೆ ಉಣ್ಣುವುದು ತಿಳಿದ ವಿಷಯಗಳೇ. ತೋಟದಲ್ಲಿ ಕಾಲಿಗೆ ಹತ್ತಿದ ಇಂಬಳದ ಮೇಲೆ ಉಪ್ಪು, ಸುಣ್ಣ ಹಾಕಿ ಕೊಲ್ಲದೆ ಮೆಲ್ಲಗೆ ಬಿಡಿಸಿ ಬಿಡುವುದೂ ಆಷಾಢದ ವ್ರತವೇ.

ಇದಕ್ಕಿಂತ ಕಠಿಣವಾದುದು ಮನುಷ್ಯರೊಡನೆ ಆಚರಿಸಬೇಕಾದ ವ್ರತ. ಪುನರ್ವಸು, ಪುಷ್ಯ ಮಳೆಗಳು ಹಿಡಿದಾಗ ತೋಟದ ಕೆಲಸ ನಿಂತು ಲೈನ್ ಮನೆಗಳಲ್ಲಿ ದಿನಗೂಲಿ ಇಲ್ಲದಾಗುತ್ತದೆ. 2019ರ ಆಗಸ್ಟ್ ತಿಂಗಳ ಮಳೆಯಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿಗಳಲ್ಲಿ ಗುಡ್ಡ ಜರಿದು ಮನೆ ತೋಟಗಳೇ ಹೋದುವು. ಅಂತಹ ದಿನ ಉಪವಾಸವಿದ್ದ ಮನೆಯಲ್ಲಿ ಉಳಿದ ಅಕ್ಕಿಯು ಉಗ್ರಾಣದಲ್ಲಿಯೇ ಇದ್ದರೆ ತಪಸ್ಸಿನ ಬಳಿಕ ಬರಬೇಕಾದ ತ್ಯಾಗವು ಬರಲಿಲ್ಲವೆಂದೇ ತಿಳಿಯಬೇಕು. ಹಳ್ಳದ ನೀರಿಗಾಗಿಯೋ ಬೇಲಿಯ ಗಡಿಗಾಗಿಯೋ ಮಾತುಬಿಟ್ಟ ದಾಯಾದಿಯ ಮನೆಗೆ ಪಂಚಮಿಯ ಮುನ್ನವೇ ಹೋಗಿ ಬರುವುದು ಒಂದು ಉಪವಾಸಕ್ಕಿಂತ ಕಷ್ಟ. ಆದಕಾರಣ ಅದು ಮೊದಲು ಆಗಬೇಕು. ಹೂಮಳೆ ಬರಲಿ, ಬಾರದಿರಲಿ, ಹಾಗೆ ಹಿಡಿದ ವ್ರತಕ್ಕೆ ಕುಂದಿಲ್ಲ.

ಮನನಕ್ಕೆ

1. ಹರಕೆಗೂ ವ್ರತಕ್ಕೂ ಇರುವ ಭೇದವೇನು? ನಿದಾನಕ್ಕೆ ಶಲ್ಯವೆಂಬ ಹೆಸರು ಏಕೆ?

2. ಅಬ್ಬಾ ಹಿಲ್ಕಿಯಾನ ಹೆಂಡತಿ ನಿಂತ ಕಡೆಯಿಂದ ಮೋಡ ಮೊದಲು ಎದ್ದುದೇಕೆ? ನಮ್ಮ ನಾಲ್ಕು ದಾನಗಳಲ್ಲಿ ಅದು ಯಾವುದಕ್ಕೆ ಸಲ್ಲುತ್ತದೆ?

3. ದಶಲಕ್ಷಣ ಪರ್ವವು ಭಾದ್ರಪದ ಶುಕ್ಲ ಪಂಚಮಿಯಂದು ಆರಂಭವಾಗುವುದಕ್ಕೆ ಪರಂಪರೆಯು ಹೇಳುವ ಕಾರಣವೇನು? ಪಂಚಾಂಗವನ್ನು ಮುಂದಿಟ್ಟುಕೊಂಡು 49 ದಿನಗಳನ್ನು ಎಣಿಸಿ.

4. ಈ ವರ್ಷದ ಉಪವಾಸಕ್ಕೆ ಮುನ್ನ ಮನೆಯವರು ಯಾರ ಕ್ಷಮೆಯನ್ನು ಕೇಳಬೇಕಾಗಿದೆ?