ದೇಶಕ್ಕೊಂದು ಕ್ರೀಮ್, ಹಲಸಿಗೊಂದು ಕೆನೆ

ಕೇಕಿಗೆ ಬಳಸುವ ಕ್ರೀಮಿನ ಗುಣ ನಿಂತಿರುವುದು ಮುಖ್ಯವಾಗಿ ಅದರಲ್ಲಿರುವ ಕೊಬ್ಬಿನ ಪ್ರಮಾಣದ ಮೇಲೆ. ಹಾಲನ್ನು ಯಂತ್ರದಲ್ಲಿ ರಭಸವಾಗಿ ತಿರುಗಿಸಿದಾಗ ಹಗುರವಾದ ಕೊಬ್ಬಿನ ಕಣಗಳು ಒಂದು ಕಡೆ, ಉಳಿದ ಹಾಲು ಇನ್ನೊಂದು ಕಡೆ ಸೇರುತ್ತವೆ. ಹೀಗೆ ಬೇರ್ಪಟ್ಟ ಕೊಬ್ಬಿನ ಭಾಗವೇ ಕ್ರೀಮ್. ಅದರಲ್ಲಿ ಕೊಬ್ಬು ಎಷ್ಟಿರಬೇಕು, ಯಾವುದನ್ನು ಏನೆಂದು ಕರೆಯಬೇಕು ಎಂಬುದನ್ನು ಒಂದೊಂದು ದೇಶ ಒಂದೊಂದು ರೀತಿ ಗೊತ್ತುಮಾಡಿದೆ. ಹೊರದೇಶದ ಪಾಕವಿಧಾನ ಹಿಡಿದು ಖಾನಾಪುರ ತಾಲ್ಲೂಕಿನ ಹಲಸಿಯಂಥ ಊರಿನಲ್ಲಿ ಕೇಕ್ ಮಾಡಲು ಹೊರಟವರಿಗೆ ತೊಡಕು ಶುರುವಾಗುವುದು ಇಲ್ಲಿಂದಲೇ.

ಬ್ರಿಟನ್ನಿನಲ್ಲಿ ಸಿಂಗಲ್ ಕ್ರೀಮ್ ಎಂದರೆ ಕನಿಷ್ಠ ಶೇ. 18 ಕೊಬ್ಬು, ವಿಪ್ಪಿಂಗ್ ಕ್ರೀಮ್ ಶೇ. 35, ಡಬಲ್ ಕ್ರೀಮ್ ಶೇ. 48, ಕ್ಲಾಟೆಡ್ ಕ್ರೀಮ್ ಶೇ. 55. ಅಮೆರಿಕದಲ್ಲಿ ಶೇ. 18ರಿಂದ 30ರವರೆಗಿನದು ಲೈಟ್ ಕ್ರೀಮ್, 30ರಿಂದ 36ರವರೆಗಿನದು ಲೈಟ್ ವಿಪ್ಪಿಂಗ್ ಕ್ರೀಮ್, 36 ದಾಟಿದರೆ ಹೆವಿ ಕ್ರೀಮ್. ಜರ್ಮನಿಯ ವಿಪ್ಪಿಂಗ್ ಕ್ರೀಮಿಗೆ ಶೇ. 30 ಸಾಕು. ಆಸ್ಟ್ರೇಲಿಯದ ‘ಥಿಕನ್ಡ್’ ಕ್ರೀಮಿನಲ್ಲಿ ಸುಮಾರು ಶೇ. 35 ಕೊಬ್ಬಿನ ಜೊತೆಗೆ ಜೆಲಟಿನ್‌ನಂಥ ಗಟ್ಟಿಕಾರಕವೂ ಇರುತ್ತದೆ. ಸಸ್ಯಾಹಾರಿಗಳು ಅದನ್ನು ಗಮನಿಸಬೇಕು. ಭಾರತದ ನಿಯಮದಲ್ಲಿ ಕಡಿಮೆ ಕೊಬ್ಬಿನ ಕ್ರೀಮಿಗೆ ಶೇ. 25, ಮಧ್ಯಮಕ್ಕೆ 40, ಹೆಚ್ಚಿನದಕ್ಕೆ 60 ಎಂಬ ಕನಿಷ್ಠ ಮಿತಿಗಳಿವೆ. ಕಿರಾಣಿ ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವ ಅಮುಲ್ ಫ್ರೆಶ್ ಕ್ರೀಮ್ ಶೇ. 25ರದು.

ಈ ಅಂಕಿಗಳ ಮಹತ್ವ ತಿಳಿಯುವುದು ಬೀಟರ್ ಹಿಡಿದಾಗ. ತಣ್ಣಗಿರುವ ಕ್ರೀಮಿನ ಕೊಬ್ಬಿನ ಕಣಗಳು ಅರೆಗಟ್ಟಿಯಾಗಿರುತ್ತವೆ. ಕಡೆಯುತ್ತ ಹೋದಂತೆ ಅವು ಒಂದಕ್ಕೊಂದು ಅಂಟಿಕೊಂಡು ಗಾಳಿಯ ಗುಳ್ಳೆಗಳ ಸುತ್ತ ಜಾಲ ಕಟ್ಟುತ್ತವೆ. ಕೊಬ್ಬು ಶೇ. 30ಕ್ಕಿಂತ ಕಡಿಮೆಯಿದ್ದರೆ ಜಾಲಕ್ಕೆ ಬೇಕಾದಷ್ಟು ಕಣಗಳೇ ಇರುವುದಿಲ್ಲ. ನೊರೆ ಏಳುತ್ತದೆ, ಕೂಡಲೇ ಇಳಿಯುತ್ತದೆ. ಶೇ. 25ರ ಪ್ಯಾಕೆಟನ್ನು ಎಷ್ಟು ಹೊತ್ತು ಕಡೆದರೂ ಹೂವಿನ ಆಕಾರ ನಿಲ್ಲದಿರುವುದಕ್ಕೆ ಇದೇ ಕಾರಣ. ಮಾಡುವವರ ಕೈಗುಣ ಕಾರಣವಲ್ಲ. ಶೇ. 48ರ ಡಬಲ್ ಕ್ರೀಮಿನದು ಬೇರೆ ಕಷ್ಟ: ಅದು ಬೇಗ ಗಟ್ಟಿಯಾಗುತ್ತದೆ, ಸ್ವಲ್ಪ ಮೈಮರೆತರೂ ಬೆಣ್ಣೆಯಾಗಿಬಿಡುತ್ತದೆ.

ಹಲಸಿಯ ಸುತ್ತಲಿನ ಸೀಮೆ ಎಮ್ಮೆ ಹಾಲಿಗೆ ಬಡತನವಿಲ್ಲದ ಸೀಮೆ. ಖಾನಾಪುರದ ಕಾಡಂಚಿನಲ್ಲಿ ಗೌಳಿ ಸಮುದಾಯದವರು ಇಂದಿಗೂ ಎಮ್ಮೆ ಸಾಕುತ್ತಾರೆ. ಬೆಳಗಾವಿಯ ಕುಂದಾದ ರುಚಿಯ ಮೂಲವೂ ಗಟ್ಟಿ ಹಾಲೇ. ಆಕಳ ಹಾಲಿನಲ್ಲಿ ಶೇ. 4ರ ಆಸುಪಾಸಿನ ಕೊಬ್ಬಿದ್ದರೆ ಎಮ್ಮೆ ಹಾಲಿನಲ್ಲಿ ಶೇ. 6ರಿಂದ 8ರಷ್ಟು ಇರುತ್ತದೆ. ಅಗಲ ಬಾಯಿಯ ಪಾತೇಲಿಯಲ್ಲಿ ಕಾಯಿಸಿ ಆರಲು ಬಿಟ್ಟರೆ ಬೆಳಗಾಗುವಷ್ಟರಲ್ಲಿ ಮೇಲೆ ದಪ್ಪ ಕೆನೆ ಕಟ್ಟಿರುತ್ತದೆ. ಸೌಟಿನಿಂದ ಅಂಚು ಬಿಡಿಸಿದರೆ ಅದು ಮಡಚಿಕೊಂಡು ಹಾಳೆಯಂತೆ ಎದ್ದು ಬರುತ್ತದೆ.

ಈ ಕೆನೆಯೂ ಯಂತ್ರದ ಕ್ರೀಮೂ ಒಂದೇ ಅಲ್ಲ. ಕಾಯಿಸಿದಾಗ ಹಾಲಿನ ಪ್ರೋಟೀನು ಮೇಲೆ ಪದರ ಕಟ್ಟಿ ಕೊಬ್ಬನ್ನು ಹಿಡಿದಿಡುತ್ತದೆ. ಕೊಬ್ಬಿನ ಕಣಗಳು ಅಲ್ಲಿಯೇ ಅಷ್ಟಿಷ್ಟು ಕೂಡಿಕೊಂಡಿರುತ್ತವೆ. ಮೇಲಾಗಿ ಎಮ್ಮೆ ಹಾಲಿನ ಕಣಗಳು ಆಕಳ ಹಾಲಿನವಕ್ಕಿಂತ ದೊಡ್ಡವು. ಆದ್ದರಿಂದ ಮನೆಯ ಕೆನೆಯನ್ನು ಕಡೆದರೆ ನೊರೆಗಿಂತ ಮೊದಲು ಹರಳು ಹರಳಾದ ಬೆಣ್ಣೆಯೇ ಬರುತ್ತದೆ. ಅಲಂಕಾರಕ್ಕೆ ಒಗ್ಗದ ಈ ಕೆನೆ ಕೇಕಿನ ಹಿಟ್ಟಿಗೆ ಮಾತ್ರ ಬಹಳ ಚೆನ್ನಾಗಿ ಹೊಂದುತ್ತದೆ. ಮೊಟ್ಟೆಯಿಲ್ಲದ ಕೇಕಿನಲ್ಲಿ ಬೆಣ್ಣೆಯ ಜಾಗಕ್ಕೆ ಅದನ್ನು ಸಕ್ಕರೆಯೊಂದಿಗೆ ನುಣ್ಣಗೆ ಬೆರೆಸಿ ಹಾಕಬಹುದು. ಕೆನೆಯಲ್ಲಿ ನೀರಿನಂಶ ಇರುವುದರಿಂದ ಹಾಲಿನ ಅಳತೆಯನ್ನು ಅಷ್ಟೇ ತಗ್ಗಿಸಬೇಕು. ಫ್ರಿಜ್‌ನಲ್ಲಿ ಕೂಡಿಟ್ಟು ತುಸು ಹುಳಿಯಾದ ಕೆನೆ ಅಡುಗೆ ಸೋಡಾದೊಂದಿಗೆ ಸೇರಿ ಕೇಕನ್ನು ಇನ್ನಷ್ಟು ಮೆತ್ತಗಾಗಿಸುತ್ತದೆ.

ಎಮ್ಮೆ ಹಾಲಿನಿಂದಲೇ ವಿಪ್ ಮಾಡುವ, ಎಂದರೆ ಕಡೆದು ಉಬ್ಬಿಸುವ, ಕ್ರೀಮ್ ಬೇಕೆಂದರೆ ಹಾಲು ಕಾಯಿಸುವ ಮೊದಲೇ ಯಂತ್ರದಲ್ಲಿ ಕೆನೆ ತೆಗೆಯಬೇಕು. ಹಸಿ ಕ್ರೀಮನ್ನು 80 ಡಿಗ್ರಿಯ ಹತ್ತಿರ ಕಾಯಿಸಿ, ತಣ್ಣೀರಿನ ಪಾತ್ರೆಯಲ್ಲಿಟ್ಟು ಬೇಗ ಆರಿಸಿ, ರಾತ್ರಿಯಿಡೀ ಫ್ರಿಜ್‌ನಲ್ಲಿಡಬೇಕು. ಈ ವಿಶ್ರಾಂತಿಯಲ್ಲಿ ಕೊಬ್ಬು ಹರಳುಗಟ್ಟಿ ಗಾಳಿ ಹಿಡಿಯಲು ಸಿದ್ಧವಾಗುತ್ತದೆ.

ಪಾಕವಿಧಾನದ ಕ್ರೀಮಿಗೂ ಕೈಯಲ್ಲಿರುವುದಕ್ಕೂ ವ್ಯತ್ಯಾಸವಿದ್ದರೆ ಲೆಕ್ಕದಿಂದ ಸರಿಪಡಿಸಬಹುದು. ಶೇ. 25ರ 200 ಗ್ರಾಂ ಕ್ರೀಮಿಗೆ ಸುಮಾರು 45 ಗ್ರಾಂ ಉಪ್ಪಿಲ್ಲದ ಬೆಣ್ಣೆ ಕರಗಿಸಿ ಬೆರೆಸಿದರೆ ಕೊಬ್ಬು ಶೇ. 35ಕ್ಕೆ ಏರುತ್ತದೆ. ಬೇಯಿಸುವ ತಿನಿಸಿಗೆ, ಚಾಕೊಲೇಟಿಗೆ ಕ್ರೀಮ್ ಬೆರೆಸಿ ಮಾಡುವ ಗನಾಶಿಗೆ ಇದು ಸಾಕು. ವಿಪ್ ಮಾಡಲು ನೆಚ್ಚುವಂತಿಲ್ಲ, ಏಕೆಂದರೆ ಕರಗಿದ ಬೆಣ್ಣೆ ಮತ್ತೆ ಮೊದಲಿನಂತೆ ಸಣ್ಣ ಕಣಗಳಾಗುವುದಿಲ್ಲ. ಶೇ. 48ರ ಡಬಲ್ ಕ್ರೀಮನ್ನು ಅಮೆರಿಕದ ಹೆವಿ ಕ್ರೀಮಿನ ಮಟ್ಟಕ್ಕೆ ಇಳಿಸಲು 100 ಗ್ರಾಂಗೆ 35ರಿಂದ 40 ಗ್ರಾಂ ಹಾಲು ಸೇರಿಸಬೇಕು. ಗನಾಶಿಗೆ ಶೇ. 25ರ ಕ್ರೀಮನ್ನೇ ಬಳಸುವುದಾದರೆ ಚಾಕೊಲೇಟ್ ಹೆಚ್ಚಿಸಬೇಕು. ಇಲ್ಲವಾದರೆ ಅದು ಸಡಿಲವಾಗಿ ಹರಿಯುತ್ತದೆ.

ಬೇಕರಿಗಳ ಹುಟ್ಟುಹಬ್ಬದ ಕೇಕಿನ ಮೇಲೆ ಹೆಚ್ಚಾಗಿ ಕಾಣುವ ಬಿಳಿ ಕ್ರೀಮು ಹಾಲಿನದಲ್ಲ. ತಾಳೆ ಬೀಜದ ಎಣ್ಣೆಯಂಥ ಸಸ್ಯಜನ್ಯ ಕೊಬ್ಬು, ಸಕ್ಕರೆ, ಗಟ್ಟಿಕಾರಕಗಳಿಂದ ಮಾಡಿದ ಅದು ಹೆಪ್ಪುಗಟ್ಟಿಸಿದ ಪ್ಯಾಕೆಟಿನಲ್ಲಿ ಬರುತ್ತದೆ. ಹಾಲಿನ ಕ್ರೀಮ್ ಎರಡು ಪಟ್ಟು ಉಬ್ಬಿದರೆ ಇದು ಮೂರು-ನಾಲ್ಕು ಪಟ್ಟು ಉಬ್ಬುತ್ತದೆ, ಸೆಕೆಯನ್ನೂ ಹೆಚ್ಚು ತಡೆಯುತ್ತದೆ. ಬೆಳಗಾವಿಯಿಂದ ಹಲಸಿಗೆ ಸುಮಾರು 40 ಕಿ.ಮೀ. ಬೇಸಿಗೆಯಲ್ಲಿ ಅಷ್ಟು ದೂರ ಹೋಗಬೇಕಾದ ಕೇಕಿಗೆ ಬೇಕರಿಯವರು ಇದನ್ನೇ ನೆಚ್ಚುವುದು ಸಹಜ. ಆದರೆ ಇದರಲ್ಲಿ ಸಕ್ಕರೆ ಮೊದಲೇ ಇರುವುದರಿಂದ ಮತ್ತೆ ಹಾಕಬಾರದು. ಹಾಲಿನ ಕ್ರೀಮಿನ ರುಚಿಯನ್ನೂ ಇದರಿಂದ ನಿರೀಕ್ಷಿಸಬಾರದು. 2022ರಿಂದ ಭಾರತದಲ್ಲಿ ಎಣ್ಣೆ-ಕೊಬ್ಬುಗಳಲ್ಲಿ ಟ್ರಾನ್ಸ್ ಫ್ಯಾಟ್ ಶೇ. 2 ಮೀರುವಂತಿಲ್ಲ, ಪ್ಯಾಕೆಟಿನ ಮೇಲೆ ಅದನ್ನೂ ಓದಿಕೊಳ್ಳಬೇಕು.

ಹಾಲಿನ ಕ್ರೀಮನ್ನು ವಿಪ್ ಮಾಡುವವರಿಗೆ ಚಳಿಯೇ ಆಸರೆ. ಕ್ರೀಮ್ 5 ಡಿಗ್ರಿಯ ಆಸುಪಾಸಿನಲ್ಲಿರಬೇಕು. ಬೋಗುಣಿ, ಬೀಟರಿನ ಕಡ್ಡಿಗಳೂ ತಣ್ಣಗಿರಬೇಕು. ಏಪ್ರಿಲ್-ಮೇ ತಿಂಗಳಲ್ಲಿ ಬೋಗುಣಿಯ ಕೆಳಗೆ ಮಂಜುಗಡ್ಡೆಯ ತಟ್ಟೆ ಇಡಬೇಕು, ಬೆಳಗಿನ ತಂಪು ಹೊತ್ತನ್ನು ಆರಿಸಿಕೊಳ್ಳಬೇಕು. ಬೀಟರ್ ಎತ್ತಿದಾಗ ತುದಿ ಮೆಲ್ಲಗೆ ಬಾಗುವ ಹಂತದಲ್ಲಿ ಯಂತ್ರ ನಿಲ್ಲಿಸಿ, ಉಳಿದದ್ದನ್ನು ಕೈಯಿಂದ ಮುಗಿಸುವುದು ಕ್ಷೇಮ.

ಒಟ್ಟಿನಲ್ಲಿ ಕೇಕಿನ ಹಿಟ್ಟಿಗೆ ಮನೆಯ ಕೆನೆ, ಗನಾಶಿಗೆ ಅಂಗಡಿಯ ಫ್ರೆಶ್ ಕ್ರೀಮ್, ಅಲ್ಲೇ ಕೂತು ತಿನ್ನುವ ಕೇಕಿನ ಅಲಂಕಾರಕ್ಕೆ ಶೇ. 30ಕ್ಕಿಂತ ಹೆಚ್ಚು ಕೊಬ್ಬಿನ ಹಾಲಿನ ಕ್ರೀಮ್, ದೂರ ಸಾಗುವ ಕೇಕಿಗೆ ಸಸ್ಯಜನ್ಯ ಕ್ರೀಮ್. ಕೊಳ್ಳುವಾಗ ಹೆಸರಿಗಿಂತ ಮೊದಲು ಕೊಬ್ಬಿನ ಶೇಕಡಾವಾರು ನೋಡಬೇಕು. ಮಾರುವವರು ಕೇಕಿನ ಮೇಲಿರುವುದು ಯಾವ ಕ್ರೀಮ್ ಎಂಬುದನ್ನು ಗಿರಾಕಿಗೆ ಮುಚ್ಚುಮರೆಯಿಲ್ಲದೆ ಹೇಳಬೇಕು.