ಅಂಗವಿಕಲರ ಕುಟುಂಬಕ್ಕೆ ನೆರವು ಪಡೆಯುವ ಕ್ರಮ

ರಾಸು ನೋಡಲು ಬಂದಾಗ ಕೆಲವು ಮನೆಗಳಲ್ಲಿ ಅಂಗವಿಕಲ ಮಕ್ಕಳನ್ನು ಕಾಣುತ್ತೇವೆ. ಆರೈಕೆಗಾಗಿ ತಾಯಿ ಕೂಲಿ ಬಿಟ್ಟಿರುತ್ತಾಳೆ. ಪ್ರಮಾಣಪತ್ರವಿಲ್ಲದೆ ನೆರವು ಮಾತ್ರ ಬಂದಿರುವುದಿಲ್ಲ.

1. ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು ಕಂಡು ಯು.ಡಿ.ಐ.ಡಿ. ಕಾರ್ಡಿಗೆ ಅರ್ಜಿ ಹಾಕಿರಿ. ಸರ್ಕಾರಿ ಆಸ್ಪತ್ರೆಯಲ್ಲಿ ತಪಾಸಣೆ ಮಾಡಿ ಅಂಗವಿಕಲತೆಯ ಪ್ರಮಾಣ ನಮೂದಿಸುತ್ತಾರೆ.

2. ಅದು ಶೇ. 40 ಅಥವಾ ಹೆಚ್ಚಿದ್ದು, ಆದಾಯವು ಮಿತಿಯೊಳಗಿದ್ದರೆ ನಾಡಕಚೇರಿಯಲ್ಲಿ ಮಾಸಾಶನಕ್ಕೆ ಅರ್ಜಿ ಕೊಡಿರಿ. ಆಧಾರ್, ಆದಾಯ ಪತ್ರ, ಬ್ಯಾಂಕ್ ಪಾಸ್‌ಬುಕ್ ಜೊತೆಗಿರಲಿ.

3. ಬುದ್ಧಿಮಾಂದ್ಯತೆ, ಆಟಿಸಂ, ಸೆರೆಬ್ರಲ್ ಪಾಲ್ಸಿ, ಬಹುವಿಧ ಅಂಗವಿಕಲತೆ ಇರುವವರಿಗೆ ‘ನಿರಾಮಯ’ ಆರೋಗ್ಯ ವಿಮೆಯುಂಟು. ಚಿಕಿತ್ಸೆಗೆ ವರ್ಷಕ್ಕೆ ರೂ. 1 ಲಕ್ಷದವರೆಗೆ ದೊರೆಯುತ್ತದೆ. ನವೀಕರಣ ಮರೆಯಬೇಡಿರಿ.

ಹಸುವಿನ ವಿಮೆಯನ್ನು ತಪ್ಪದೆ ಮಾಡಿಸುತ್ತೀರಿ. ಮಗುವಿನ ಕಾಗದಪತ್ರಕ್ಕೂ ಒಂದು ದಿನ ಬಿಡುವು ಮಾಡಿಕೊಳ್ಳಿರಿ. ಇದು ದಾನವಲ್ಲ, ಮಗುವಿನ ಹಕ್ಕು.